ಗಣಕಯಂತ್ರದ ಕರೆಗಂಟೆ: ಒಂದು ದೋಷದ ಇತಿಹಾಸ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಣಕಯಂತ್ರವನ್ನೇ ವೃತ್ತಿಯಾಗಿ ಉಳ್ಳ ಹಲವರು ಈ ಸಭೆಯಲ್ಲಿದ್ದೀರಿ. ನಿಮ್ಮ ಮುಂದೆ ವೈದ್ಯನೊಬ್ಬನು ಗಣಕದ ಒಳಗುಟ್ಟನ್ನು ಕುರಿತು ಮಾತನಾಡಲು ನಿಲ್ಲುವುದು ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಲು ಹೊರಟಂತೆಯೇ ಸರಿ. ಆದರೂ ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವಿದೆ. ಗಣಕವಿಜ್ಞಾನದ ಇತಿಹಾಸದಲ್ಲಿ ಒಂದು ಬಗೆಯ ದೋಷವುಂಟು. ಅದು ಸದಾ ಕಾಣಿಸಿಕೊಳ್ಳುವುದಿಲ್ಲ. ಹುಡುಕಲು ಹೋದರೆ ಅಡಗಿಕೊಳ್ಳುತ್ತದೆ. ಯಾರೂ ನೋಡದ ಗಳಿಗೆಯಲ್ಲಿ ಯಂತ್ರವನ್ನು ಕೆಡವುತ್ತದೆ. ಈ ದೋಷ ಬಹುಕಾಲ ಎಂಜಿನಿಯರರ ತಲೆನೋವು ಮಾತ್ರವಾಗಿತ್ತು. 1980ರ ದಶಕದಲ್ಲಿ ಅದು ಆಸ್ಪತ್ರೆಯೊಳಕ್ಕೆ ಕಾಲಿಟ್ಟು ರೋಗಿಗಳ ಪ್ರಾಣವನ್ನೇ ತೆಗೆಯಿತು. ಅಂದಿನಿಂದ ಅದು ನಮ್ಮ ವೃತ್ತಿಯವರಿಗೂ ಸಂಬಂಧಿಸಿದ ವಿಷಯವಾಯಿತು.

ಮೊದಲು ಮೂಲಭೂತವಾದ ಒಂದು ಕಲ್ಪನೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಲೆಯ ಮೇಲೆ ಹಾಲಿಟ್ಟವರು ಏನು ಮಾಡುತ್ತಾರೆ? ಕೈಯಲ್ಲಿ ಬೇರೆ ಕೆಲಸವಿದ್ದರೂ ಮತ್ತೆ ಮತ್ತೆ ಬಂದು ಇಣಿಕಿ ನೋಡುತ್ತಾರೆ. ಉಕ್ಕಿಲ್ಲವೆಂದು ಹಿಂದಿರುಗುತ್ತಾರೆ; ಇನ್ನೊಮ್ಮೆ ಬರುತ್ತಾರೆ. ಆದರೆ ಕುಕ್ಕರಿನಲ್ಲಿ ಬೇಳೆ ಇಟ್ಟವರಿಗೆ ಈ ತಾಪತ್ರಯವಿಲ್ಲ. ಅವರು ನಿಶ್ಚಿಂತೆಯಿಂದ ತರಕಾರಿ ಹೆಚ್ಚುತ್ತಿರಬಹುದು. ಕುಕ್ಕರೇ ಕೂಗಿ ಕರೆಯುತ್ತದೆ. ಗಣಕಯಂತ್ರವೂ ಹೊರಗಿನ ಸಾಧನಗಳೊಡನೆ ವ್ಯವಹರಿಸುವುದು ಈ ಎರಡು ವಿಧಾನಗಳಿಂದಲೇ. ಮೊದಲನೆಯದನ್ನು ಪೋಲಿಂಗ್ ಎಂದೂ ಎರಡನೆಯದನ್ನು ಇಂಟರಪ್ಟ್ ಎಂದೂ ಕರೆಯುತ್ತಾರೆ. ಕೀಲಿಮಣೆಯ ಗುಂಡಿ ಒತ್ತಿದಾಗ, ಜಾಲದಿಂದ ಸಂದೇಶವೊಂದು ಬಂದು ತಲಪಿದಾಗ, ಆ ಸಾಧನವು ಗಣಕದ ಸಂಸ್ಕಾರಕಕ್ಕೆ ಗಂಟೆ ಬಾರಿಸುತ್ತದೆ. ಸಂಸ್ಕಾರಕವು ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲಿಯೇ ನಿಲ್ಲಿಸಿ, ಗುರುತಿಟ್ಟುಕೊಂಡು, ಗಂಟೆಗೆ ಓಗೊಟ್ಟು, ಮತ್ತೆ ಹಳೆಯ ಕೆಲಸಕ್ಕೆ ಮರಳುತ್ತದೆ. ಹೀಗೆ ಓಗೊಡುವ ಪುಟ್ಟ ಕ್ರಮವಿಧಿಗೆ ಇಂಟರಪ್ಟ್ ಹ್ಯಾಂಡ್ಲರ್ ಎಂದು ಹೆಸರು. ಪ್ರತಿಯೊಂದು ಸಾಧನದ ಭಾಷೆಯನ್ನೂ ಬಲ್ಲ ದುಭಾಷಿಯಂತಹ ತಂತ್ರಾಂಶವೇ ಡ್ರೈವರ್. ಹ್ಯಾಂಡ್ಲರ್ ಅದರ ಒಂದು ಅಂಗ.

ಈ ಏರ್ಪಾಡು ಗಣಕಗಳ ಹುಟ್ಟಿನೊಡನೆಯೇ ಬಂದುದಲ್ಲ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯು ಸೈನ್ಯಕ್ಕಾಗಿ ನಿರ್ಮಿಸಿ 1954ರಲ್ಲಿ ಒಪ್ಪಿಸಿದ ಡೈಸಿಯಾಕ್ ಎಂಬ ಯಂತ್ರದಲ್ಲಿ ಇದರ ಆದಿರೂಪ ಕಾಣುತ್ತದೆ. ಟ್ರಕ್ಕಿನ ಟ್ರೇಲರಿನಲ್ಲಿ ಕೂಡಿಸಿ ಊರಿಂದೂರಿಗೆ ಒಯ್ಯಬಹುದಾಗಿದ್ದ ಗಣಕವದು. ಬಳಿಕ ಯೂನಿವಾಕ್ 1103ಎ ಮೊದಲಾದ ಯಂತ್ರಗಳಲ್ಲಿ ಈ ಸೌಲಭ್ಯ ಬಂದಿತು. ಆದರೆ ಇದರೊಳಗಿನ ಅಪಾಯವನ್ನು ಆಳವಾಗಿ ಕಂಡು, ಬರೆದಿಟ್ಟು, ಅದಕ್ಕೆ ಮದ್ದನ್ನು ಹುಡುಕಿದ ಕೀರ್ತಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರಿಗೆ ಸಲ್ಲಬೇಕು.

ಡೈಕ್‌ಸ್ಟ್ರಾರ ಭಯ

1930ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ಹುಟ್ಟಿದ ಡೈಕ್‌ಸ್ಟ್ರಾ 1952ರಲ್ಲಿ ಆಂಸ್ಟರ್‌ಡ್ಯಾಮಿನ ಗಣಿತ ಕೇಂದ್ರವನ್ನು ಸೇರಿದರು. ಅಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬ ಇಬ್ಬರು ಯಂತ್ರವನ್ನು ಕಟ್ಟುವವರು; ಡೈಕ್‌ಸ್ಟ್ರಾ ಅದಕ್ಕೆ ಕ್ರಮವಿಧಿ ಬರೆಯುವವರು. ಎಕ್ಸ್-1 ಎಂಬ ಹೊಸ ಯಂತ್ರದ ವಿನ್ಯಾಸ ನಡೆದಿದ್ದಾಗ ಅದರಲ್ಲಿ ಇಂಟರಪ್ಟ್ ವ್ಯವಸ್ಥೆಯನ್ನು ಸೇರಿಸಬೇಕೆಂದು ಆ ಇಬ್ಬರೂ ಸೂಚಿಸಿದರು. ಡೈಕ್‌ಸ್ಟ್ರಾ ಹೆದರಿಹೋದರು, ಕೆಲವು ತಿಂಗಳುಗಳ ಕಾಲ ಒಪ್ಪಿಗೆ ಕೊಡದೆ ಮುಂದೂಡಿದರು. ನಿಮ್ಮಂತಹ ಜಾಣರಿಗೆ ಇದೇನು ಮಹಾ ಎಂದು ಮಿತ್ರರು ಹೊಗಳಿ ಉಬ್ಬಿಸಿದ ಮೇಲೆ ಸಮ್ಮತಿಸಿದರೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಅವರ ಭಯಕ್ಕೆ ಆಧಾರವಿತ್ತು. ಅದುವರೆಗಿನ ಯಂತ್ರಗಳಲ್ಲಿ ಒಂದೇ ಕ್ರಮವಿಧಿಯನ್ನು ಒಂದೇ ಮಾಹಿತಿಯೊಡನೆ ನೂರು ಸಲ ಓಡಿಸಿದರೆ ನೂರು ಸಲವೂ ಒಂದೇ ಉತ್ತರ ಬರುತ್ತಿತ್ತು. ತಪ್ಪಿದ್ದರೆ ಪ್ರತಿ ಸಲವೂ ಅದೇ ತಪ್ಪು. ಆದುದರಿಂದ ಹಿಡಿಯುವುದು ಸುಲಭ. ಗಂಟೆಯ ವ್ಯವಸ್ಥೆ ಬಂದೊಡನೆ ಈ ನಿಶ್ಚಿತತೆ ಮಾಯವಾಯಿತು. ಗಂಟೆ ಯಾವ ಕ್ಷಣದಲ್ಲಿ ಬಾರಿಸುವುದೋ ಬಲ್ಲವರಿಲ್ಲ. ಲಕ್ಷ ಸಲ ಅದು ನಿರುಪದ್ರವಿಯಾದ ಗಳಿಗೆಯಲ್ಲಿ ಬಾರಿಸಿ, ಲಕ್ಷದ ಒಂದನೆಯ ಸಲ ಎರಡು ಆದೇಶಗಳ ನಡುವಣ ಸೂಕ್ಷ್ಮ ಸಂಧಿಯಲ್ಲಿ ಬಾರಿಸಬಹುದು. ಆಗ ಲೆಕ್ಕ ತಪ್ಪುತ್ತದೆ, ಯಂತ್ರ ಕುಸಿಯುತ್ತದೆ. ಮತ್ತೆ ಓಡಿಸಿ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ!

ನನ್ನ ಸಹೋದ್ಯೋಗಿಗಳಿಗೆ ಈ ಲಕ್ಷಣ ಚಿರಪರಿಚಿತ. ಆಗೊಮ್ಮೆ ಈಗೊಮ್ಮೆ ಎದೆ ಡವಗುಟ್ಟುತ್ತದೆ ಎಂದು ರೋಗಿ ಹೇಳುತ್ತಾನೆ. ನಮ್ಮೆದುರು ಇಸಿಜಿ ತೆಗೆದರೆ ಗೆರೆಗಳೆಲ್ಲ ಸುಸೂತ್ರ. ರೋಗಿ ಸುಳ್ಳು ಹೇಳುತ್ತಿಲ್ಲ, ಇಸಿಜಿಯೂ ಸುಳ್ಳು ಹೇಳುತ್ತಿಲ್ಲ. ರೋಗದ ಗಳಿಗೆಯೂ ಪರೀಕ್ಷೆಯ ಗಳಿಗೆಯೂ ಕೂಡಿಬಂದಿಲ್ಲ, ಅಷ್ಟೆ. ಅದಕ್ಕಾಗಿಯೇ ದಿನವಿಡೀ ರೋಗಿಯ ಮೈಮೇಲಿದ್ದು ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರವನ್ನು ನಾವು ಅವಲಂಬಿಸುತ್ತೇವೆ.

ಡೈಕ್‌ಸ್ಟ್ರಾ ಹಿಡಿದ ಮಾರ್ಗ ಬೇರೆ. ಪರೀಕ್ಷೆಯಿಂದ ಇಂತಹ ದೋಷವನ್ನು ಹೊರಗೆಡಹುವುದು ಅಸಾಧ್ಯವಾದ ಮೇಲೆ, ದೋಷಕ್ಕೆ ಎಡೆಯೇ ಇಲ್ಲದಂತೆ ತರ್ಕಬದ್ಧವಾಗಿ ಕ್ರಮವಿಧಿಯನ್ನು ಕಟ್ಟಬೇಕೆಂದು ಅವರು ನಿಶ್ಚಯಿಸಿದರು. ಎಕ್ಸ್-1 ಯಂತ್ರಕ್ಕಾಗಿ ಅವರು ಮಾಡಿದ ಈ ಕೆಲಸವೇ 1959ರಲ್ಲಿ ಅವರ ಡಾಕ್ಟರೇಟ್ ಪ್ರಬಂಧವಾಯಿತು. 1960ರ ದಶಕದಲ್ಲಿ ಅವರು ಸೆಮಫೋರ್ ಎಂಬ ಸಾಧನವನ್ನು ರೂಪಿಸಿದರು. ಹೆಸರು ಬಂದುದು ರೈಲ್ವೆಯ ಕೈಮರದಿಂದ. ಒಂಟಿ ಹಳಿಯ ಮೇಲೆ ಒಂದು ಗಾಡಿ ಇರುವಾಗ ಕೈಮರ ಇಳಿಯದು, ಎರಡನೆಯ ಗಾಡಿ ಹೊರಗೇ ಕಾಯಬೇಕು. ಅದೇ ರೀತಿ ಇಬ್ಬರು ಬಳಸುವ ಮಾಹಿತಿಯನ್ನು ಒಬ್ಬನು ತಿದ್ದುತ್ತಿರುವಾಗ ಇನ್ನೊಬ್ಬನು ಮುಟ್ಟಬಾರದು. ಐಂಡ್‌ಹೋವನ್ ನಗರದಲ್ಲಿ ಅವರೂ ಸಂಗಡಿಗರೂ ಈ ತತ್ತ್ವದ ಮೇಲೆ ಕಟ್ಟಿದ ವ್ಯವಸ್ಥೆಯನ್ನು ಕುರಿತು 1968ರಲ್ಲಿ ಪ್ರಕಟವಾದ ಲೇಖನ ಇಂದಿಗೂ ಪಠ್ಯವಾಗಿದೆ. ಪರೀಕ್ಷೆಯ ಕಾಲದಲ್ಲಿ ಕಂಡುಬಂದವು ಕ್ಷುಲ್ಲಕವಾದ ಬರವಣಿಗೆಯ ತಪ್ಪುಗಳು ಮಾತ್ರ, 500 ಆದೇಶಗಳಿಗೆ ಸುಮಾರು ಒಂದರಂತೆ, ಎಂದು ಅದರಲ್ಲಿ ಅವರು ದಾಖಲಿಸಿದ್ದಾರೆ. ಗಂಟೆಯ ಭಯದಿಂದ ಹುಟ್ಟಿದ ಶಿಸ್ತು ಒಂದು ಶಾಸ್ತ್ರವೇ ಆಯಿತು.

ಓಗೊಡುವವನ ನಿಯಮಗಳು

ಈ ಶಾಸ್ತ್ರದಿಂದ ಹ್ಯಾಂಡ್ಲರ್ ಬರೆಯುವವರಿಗೆ ಮೂರು ನಿಯಮಗಳು ಒದಗಿದವು. ಒಂದು, ಕೆಲಸ ಚಿಕ್ಕದಾಗಿರಬೇಕು. ಬಂದ ಕರೆಯನ್ನು ಗುರುತಿಸಿಟ್ಟು, ವಿಸ್ತಾರವಾದ ಕಾರ್ಯವನ್ನು ಬಳಿಕ ಮಾಡತಕ್ಕದ್ದು. ಎರಡು, ಹಂಚಿಕೊಂಡ ಮಾಹಿತಿಯನ್ನು ಬೀಗವಿಲ್ಲದೆ ಮುಟ್ಟಬಾರದು. ಮೂರು, ಹ್ಯಾಂಡ್ಲರ್ ಎಂದಿಗೂ ನಿದ್ರಿಸಬಾರದು; ಎಂದರೆ, ಇನ್ನೊಬ್ಬರಿಂದ ಏನಾದರೂ ದೊರೆಯಲೆಂದು ಕಾದು ಕೂರಬಾರದು.

ಮೂರನೆಯ ನಿಯಮದ ಕಾರಣ ಸ್ವಾರಸ್ಯವಾದುದು. ಬ್ಯಾಂಕಿನ ಗುಮಾಸ್ತನೊಬ್ಬ ತಿಜೋರಿಯ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹಣ ಎಣಿಸುತ್ತಿದ್ದಾನೆಂದು ಭಾವಿಸಿರಿ. ಹೊರಗೆ ಗಂಟೆ ಬಾರಿಸುತ್ತದೆ. ಎಣಿಕೆಯನ್ನು ನಿಲ್ಲಿಸಿ ಬಾಗಿಲಿಗೆ ಬರುತ್ತಾನೆ. ಬಂದವನು, "ತಿಜೋರಿಯ ಬೀಗದ ಕೈ ನನ್ನ ಕೈಸೇರುವವರೆಗೂ ನಿಮ್ಮನ್ನು ಇಲ್ಲಿಂದ ಕದಲಗೊಡುವುದಿಲ್ಲ" ಎನ್ನುತ್ತಾನೆ. ಗುಮಾಸ್ತನಿಗೋ, ಎಣಿಕೆ ಮುಗಿಯದೆ ಬೀಗದ ಕೈಯನ್ನು ಕೊಡುವಂತಿಲ್ಲ. ಬಾಗಿಲಿನಿಂದ ಕದಲದೆ ಎಣಿಕೆ ಮುಗಿಯುವಂತಿಲ್ಲ. ಇಬ್ಬರೂ ಪ್ರಳಯಕಾಲದವರೆಗೆ ಅಲ್ಲಿಯೇ ನಿಂತಿರುತ್ತಾರೆ. ಹ್ಯಾಂಡ್ಲರಿಗೆ ಸ್ವಂತ ಅಸ್ತಿತ್ವವಿಲ್ಲ. ತಾನು ತಡೆದು ನಿಲ್ಲಿಸಿದ ಕ್ರಮವಿಧಿಯ ಸ್ಥಾನದಲ್ಲಿಯೇ ಅದು ಎರವಲಾಗಿ ನಿಂತಿರುತ್ತದೆ. ಅದು ಕಾಯತೊಡಗಿದರೆ ಕಾಯಿಸಿದವನೂ ಎದ್ದು ಬರಲಾರ. ಲಿನಕ್ಸ್‌ನಂತಹ ವ್ಯವಸ್ಥೆಗಳು ಈ ತಪ್ಪನ್ನು ಕಂಡೊಡನೆ ಎಚ್ಚರಿಕೆಯನ್ನು ದಾಖಲಿಸುತ್ತವೆ. ಕೆಲವೊಮ್ಮೆ ಯಂತ್ರವೇ ನಿಂತುಬಿಡುತ್ತದೆ. ವಿಂಡೋಸ್ ಬಳಸುವವರು ಕಂಡಿರಬಹುದಾದ ನೀಲಿ ಪರದೆಗಳಲ್ಲಿ ಹಲವು ಇಂತಹ ನಿಯಮಭಂಗದ ಫಲಗಳೇ.

ಆಸ್ಪತ್ರೆಯೊಳಗೆ

ಇನ್ನು ನನ್ನನ್ನು ಈ ವಿಷಯದತ್ತ ಎಳೆದ ಪ್ರಕರಣಕ್ಕೆ ಬರುತ್ತೇನೆ. ಥೆರಾಕ್-25 ಎಂಬುದು ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ನೀಡಲು ಕೆನಡಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಸಂಸ್ಥೆ ತಯಾರಿಸಿದ ಯಂತ್ರ. ಅಮೆರಿಕದಲ್ಲಿ 5, ಕೆನಡಾದಲ್ಲಿ 6, ಒಟ್ಟು 11 ಯಂತ್ರಗಳು ಸ್ಥಾಪಿತವಾಗಿದ್ದವು. ಪಿಡಿಪಿ-11 ಗಣಕ ಅದನ್ನು ನಡೆಸುತ್ತಿತ್ತು. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಈ ಯಂತ್ರಗಳಿಂದ ಆರು ಮಂದಿಗೆ ವಿಪರೀತ ಪ್ರಮಾಣದ ವಿಕಿರಣ ತಗುಲಿತು. ಅವರಲ್ಲಿ ಕನಿಷ್ಠ ಮೂವರು ಅದರಿಂದಲೇ ತೀರಿಕೊಂಡರು.

ಯಂತ್ರಕ್ಕೆ ಎರಡು ಬಗೆಯ ಚಿಕಿತ್ಸೆ ಸಾಧ್ಯವಿತ್ತು. ಎಲೆಕ್ಟ್ರಾನ್ ಕಿರಣದ ಚಿಕಿತ್ಸೆಗೆ ಅಲ್ಪ ಪ್ರಮಾಣದ ಪ್ರವಾಹ ಸಾಕು. ಎಕ್ಸ್-ಕಿರಣಕ್ಕಾದರೋ ಅದರ ಅನೇಕ ಪಟ್ಟು ಪ್ರಬಲವಾದ ಪ್ರವಾಹ ಬೇಕು. ಆಗ ಲೋಹದ ಫಲಕವೊಂದು ಕಿರಣದ ದಾರಿಗೆ ಅಡ್ಡ ಬಂದು ರೋಗಿಯನ್ನು ಕಾಪಾಡುತ್ತದೆ. ಫಲಕಗಳನ್ನು ಹೊತ್ತ ತಿರುಗುಮಣೆಯೊಂದು ಆಯಾ ಚಿಕಿತ್ಸೆಗೆ ತಕ್ಕಂತೆ ತಿರುಗಬೇಕು. 1986ರ ಮಾರ್ಚ್ 21ರಂದು ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ ಯಂತ್ರ ನಡೆಸುತ್ತಿದ್ದ ತಂತ್ರಜ್ಞೆ ಎಲೆಕ್ಟ್ರಾನ್ ಎಂದು ಸೂಚಿಸುವ "ಇ" ಅಕ್ಷರದ ಬದಲು ಅಭ್ಯಾಸಬಲದಿಂದ "ಎಕ್ಸ್" ಒತ್ತಿದರು. ಒಡನೆಯೇ ಗಮನಿಸಿ, ಮೇಲಕ್ಕೆ ಹೋಗಿ ತಿದ್ದಿ, ಸರಸರನೆ ಉಳಿದುದನ್ನು ಮುಗಿಸಿ ಚಿಕಿತ್ಸೆಯನ್ನು ಆರಂಭಿಸಿದರು. ಯಂತ್ರ "ಮಾಲ್‌ಫಂಕ್ಷನ್ 54" ಎಂದು ತೋರಿಸಿ ತಡೆಯಿತು. ರೋಗಿಗೆ ಕೊಡಬೇಕಾಗಿದ್ದುದು 202 ಮಾನಗಳು. ಪರದೆ ತೋರಿಸಿದುದು 6 ಮಾತ್ರ. ಆದುದರಿಂದ ಮುಂದುವರಿಸುವ ಗುಂಡಿಯನ್ನು ಒತ್ತಲಾಯಿತು. ಒಳಗಿದ್ದ ರೋಗಿಗೆ ಬೆನ್ನ ಮೇಲೆ ವಿದ್ಯುತ್ ಹೊಡೆದಂತಾಗಿತ್ತು. ಎರಡನೆಯ ಹೊಡೆತ ಬಿದ್ದುದು ಅವರು ಮೇಲೇಳಲು ಯತ್ನಿಸುತ್ತಿದ್ದಾಗ. ಐದು ತಿಂಗಳ ಬಳಿಕ ಅವರು ಮೃತಪಟ್ಟರು.

ಒಳಗೆ ನಡೆದುದು ಇಷ್ಟು. ಕೀಲಿಮಣೆಯ ಗಂಟೆಗೆ ಓಗೊಡುವ ಭಾಗವೂ ಯಂತ್ರವನ್ನು ಸಿದ್ಧಪಡಿಸುವ ಭಾಗವೂ ಏಕಕಾಲದಲ್ಲಿ ನಡೆಯುತ್ತ, ಒಂದೇ ಮಾಹಿತಿಯನ್ನು ಹಂಚಿಕೊಂಡಿದ್ದವು. ಮಾಹಿತಿ ಪೂರ್ಣವಾಯಿತು ಎಂಬ ಗುರುತು ಬಿದ್ದೊಡನೆ ಸಿದ್ಧತೆಯ ಭಾಗವು ಅಯಸ್ಕಾಂತಗಳನ್ನು ಹೊಂದಿಸತೊಡಗುತ್ತಿತ್ತು. ಅದಕ್ಕೆ ಸುಮಾರು 8 ಸೆಕೆಂಡು ಬೇಕು. ಆ 8 ಸೆಕೆಂಡುಗಳೊಳಗೆ ತಿದ್ದುಪಡಿ ಮಾಡಿ ಮುಗಿಸಿದರೆ ಅದು ಸಿದ್ಧತೆಯ ಭಾಗದ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ತಿರುಗುಮಣೆಯನ್ನು ನಡೆಸುವ ಭಾಗ ತಿದ್ದಿದ ಅಕ್ಷರವನ್ನು ಓದಿ ಎಲೆಕ್ಟ್ರಾನ್ ಸ್ಥಾನಕ್ಕೆ ಹೊರಳುತ್ತಿತ್ತು. ಪರಿಣಾಮ: ಪ್ರವಾಹ ಎಕ್ಸ್-ಕಿರಣಕ್ಕೆ ತಕ್ಕಷ್ಟು ಪ್ರಬಲ, ಅಡ್ಡಕ್ಕೆ ಫಲಕವಿಲ್ಲ. ಡೈಕ್‌ಸ್ಟ್ರಾ ಹೆದರಿದ್ದ ದೋಷದ ಕುಲದ್ದೇ ಇದು. ಸೆಮಫೋರ್ ಹುಟ್ಟಿ ಎರಡು ದಶಕ ಕಳೆದಿದ್ದರೂ ಈ ತಂತ್ರಾಂಶದಲ್ಲಿ ಅಂತಹ ಕಾವಲಿರಲಿಲ್ಲ.

ಅಪಘಾತದ ಬಳಿಕ ತಯಾರಕರ ಎಂಜಿನಿಯರರು ಬಂದು ಪರೀಕ್ಷಿಸಿದರು, ದೋಷ ಕಾಣಿಸಲಿಲ್ಲ. ಏಪ್ರಿಲ್ 7ರಂದು ಯಂತ್ರ ಮತ್ತೆ ಸೇವೆಗೆ ಮರಳಿತು. ಏಪ್ರಿಲ್ 11ರಂದು ಅದೇ ಊರಿನಲ್ಲಿ, ಅದೇ ಕ್ರಮದಲ್ಲಿ, ಇನ್ನೊಬ್ಬ ರೋಗಿ ಬಲಿಯಾದರು. ಆಗ ಆಸ್ಪತ್ರೆಯ ಭೌತವಿಜ್ಞಾನಿಯು ತಂತ್ರಜ್ಞೆಯನ್ನು ಜೊತೆಗೆ ಕೂರಿಸಿಕೊಂಡು, ಅಂದು ಒತ್ತಿದ ಗುಂಡಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಒತ್ತಿಸಿದರು. ಕಡೆಗೆ ಬೇಕೆಂದಾಗಲೆಲ್ಲ "ಮಾಲ್‌ಫಂಕ್ಷನ್ 54" ತರಿಸುವುದು ಅವರಿಗೆ ಸಾಧ್ಯವಾಯಿತು. ಗುಟ್ಟು ಇದ್ದುದು ವೇಗದಲ್ಲಿ. ದಿನವೂ ಹತ್ತಾರು ರೋಗಿಗಳ ಮಾಹಿತಿ ತುಂಬಿ ಕೈಪಳಗಿದವರ ವೇಗದಲ್ಲಿ ಒತ್ತಿದರೆ ಮಾತ್ರ ದೋಷ ಎದ್ದು ಬರುತ್ತಿತ್ತು. ನಿಧಾನವಾಗಿ, ಎಚ್ಚರದಿಂದ ಒತ್ತುವ ಪರೀಕ್ಷಕರಿಗೆ ಅದು ಕಾಣುವಂತೆಯೇ ಇರಲಿಲ್ಲ. ಪರೀಕ್ಷಕನ ಜಾಗರೂಕತೆಯೇ ರೋಗವನ್ನು ಮುಚ್ಚಿಟ್ಟಿತ್ತು.

1987ರ ಜನವರಿ 17ರಂದು ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ನಡೆದ ಅಪಘಾತಕ್ಕೆ ಬೇರೊಂದು ದೋಷ ಕಾರಣವಾಗಿತ್ತು. ಪರೀಕ್ಷೆ ಇನ್ನೂ ಬಾಕಿ ಇದೆ ಎಂದು ಸೂಚಿಸುವ ಗುರುತಿಗೆ ನಿಶ್ಚಿತವಾದ ಒಂದು ಬೆಲೆಯನ್ನು ಕೊಡುವುದರ ಬದಲು ಪ್ರತಿ ಸುತ್ತಿನಲ್ಲೂ ಒಂದನ್ನು ಕೂಡುತ್ತ ಹೋಗಿದ್ದರು. ಒಂದು ಬೈಟಿನ ಗಾತ್ರದ ಆ ಎಣಿಕೆ 256ನೆಯ ಸುತ್ತಿನಲ್ಲಿ ಸೊನ್ನೆಗೆ ಮರಳುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲಿ ಗುಂಡಿ ಒತ್ತಿದರೆ ತಪಾಸಣೆ ಬಿಟ್ಟುಹೋಗುತ್ತಿತ್ತು. ನ್ಯಾನ್ಸಿ ಲೆವ್ಸನ್ ಮತ್ತು ಕ್ಲಾರ್ಕ್ ಟರ್ನರ್ 1993ರ ಜುಲೈನಲ್ಲಿ ಪ್ರಕಟಿಸಿದ ವಿಸ್ತೃತ ತನಿಖಾ ಲೇಖನದಲ್ಲಿ ಇವೆಲ್ಲ ದಾಖಲಾಗಿವೆ. ಅವರು ಎತ್ತಿ ತೋರಿಸಿದ ಇನ್ನೊಂದು ಸಂಗತಿ ಮನನೀಯವಾದುದು. ಹಿಂದಿನ ಮಾದರಿಯಾದ ಥೆರಾಕ್-20ರ ತಂತ್ರಾಂಶದಲ್ಲಿಯೂ ಕೀಲಿಮಣೆಯ ಇದೇ ದೋಷವಿತ್ತು. ಆದರೆ ಅದರಲ್ಲಿ ಸ್ವತಂತ್ರವಾದ ವಿದ್ಯುತ್ ತಡೆಗಳಿದ್ದುದರಿಂದ ಫ್ಯೂಸು ಹಾರಿ ಯಂತ್ರ ನಿಲ್ಲುತ್ತಿತ್ತೇ ಹೊರತು ರೋಗಿಗೆ ಅಪಾಯವಾಗುತ್ತಿರಲಿಲ್ಲ. ಹೊಸ ಮಾದರಿಯಲ್ಲಿ ತಂತ್ರಾಂಶವನ್ನೇ ನಂಬಿ ಆ ತಡೆಗಳನ್ನು ಕೈಬಿಟ್ಟಿದ್ದರು.

ಗಂಟೆಗಳ ಪ್ರವಾಹ

ಈ ನಡುವೆ ಗಣಕಗಳು ಒಂದಕ್ಕೊಂದು ಜೋಡಿಸಲ್ಪಟ್ಟು ಜಾಲಗಳಾದವು. ಗಂಟೆ ಬಾರಿಸುವವರ ಸಂಖ್ಯೆ ಬೆಳೆಯಿತು. ಸೆಕೆಂಡಿಗೆ 1 ಕೋಟಿ ಬಿಟ್ ಸಾಗಿಸುವ ಹಳೆಯ ಈಥರ್‌ನೆಟ್ ತಂತಿಯಲ್ಲಿ ಅತಿ ಚಿಕ್ಕ ಸಂದೇಶಗಳು ಸೆಕೆಂಡಿಗೆ 14,880ರವರೆಗೆ ಬರಬಹುದು. ಅದರ ನೂರು ಪಟ್ಟು ವೇಗದ ಗಿಗಾಬಿಟ್ ತಂತಿಯಲ್ಲಿ ಈ ಸಂಖ್ಯೆ 14 ಲಕ್ಷ 88 ಸಾವಿರ. ಪ್ರತಿಯೊಂದು ಸಂದೇಶಕ್ಕೂ ಒಂದು ಗಂಟೆಯಾದರೆ ಗತಿಯೇನು? ಹೊರರೋಗಿ ವಿಭಾಗದಲ್ಲಿ ಪ್ರತಿ ರೋಗಿ ಬಂದಾಗಲೂ ಜವಾನ ಒಳನುಗ್ಗಿ, "ಸ್ವಾಮಿ, ಇನ್ನೊಬ್ಬರು ಬಂದರು" ಎಂದು ವರದಿ ಮಾಡುತ್ತಿದ್ದರೆ ವೈದ್ಯನು ವರದಿ ಕೇಳಿಯೇ ದಿನ ಮುಗಿಸಿಯಾನು. ಒಬ್ಬರ ನಾಡಿಯನ್ನೂ ಹಿಡಿಯಲಾರ. ಜಾಲದ ಯಂತ್ರಗಳಲ್ಲಿ ನಿಜವಾಗಿ ಸಂಭವಿಸಿದುದು ಇದೇ. ಸಂಸ್ಕಾರಕ ಸದಾ ಗಡಿಬಿಡಿಯಲ್ಲಿರುತ್ತದೆ, ಮುಗಿದ ಕೆಲಸ ಮಾತ್ರ ಸೊನ್ನೆ. ಇದಕ್ಕೆ ರಿಸೀವ್ ಲೈವ್‌ಲಾಕ್ ಎಂದು ಹೆಸರು.

ಇದರ ಪರಿಹಾರವನ್ನು 1996ರಲ್ಲಿ ಮಂಡಿಸಿದವರು ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್. ರಾಮಕೃಷ್ಣನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರ ಮಾತಿನ "ಟಾಟಾ ಇನ್‌ಸ್ಟಿಟ್ಯೂಟ್"ನಲ್ಲಿ, ಸ್ನಾತಕೋತ್ತರ ವ್ಯಾಸಂಗ ಮಾಡಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಅವರ ಪರಿಹಾರ ಸರಳ. ಮೊದಲ ಗಂಟೆ ಕೇಳಿದೊಡನೆ ಗಂಟೆಯನ್ನು ಕಟ್ಟಿಬಿಡುವುದು. ಬಳಿಕ ತಾನಾಗಿಯೇ ಹೋಗಿ ಕಾದಿರುವ ಸಂದೇಶಗಳನ್ನು ಗೊತ್ತಾದ ಮಿತಿಯೊಳಗೆ ವಿಲೇವಾರಿ ಮಾಡುವುದು. ಸಾಲು ಖಾಲಿಯಾದ ಮೇಲೆ ಗಂಟೆಯನ್ನು ಮತ್ತೆ ಬಿಚ್ಚುವುದು. ಇದೇ ಬಗೆಯ ವಿಧಾನ 2000ದ ನಂತರದ ವರ್ಷಗಳಲ್ಲಿ ನ್ಯಾಪಿ ಎಂಬ ಹೆಸರಿನಿಂದ ಲಿನಕ್ಸ್ ಸೇರಿತು. ಹಾಲನ್ನು ಇಣಿಕಿ ನೋಡುವ ಹಳೆಯ ಪದ್ಧತಿ ಕುಕ್ಕರಿನ ಕೂಗಿನೊಡನೆ ರಾಜಿ ಮಾಡಿಕೊಂಡಿತು ಎನ್ನಬಹುದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಡೆಯದಾಗಿ ರೋಗನಿರ್ಣಯದ ದೃಷ್ಟಿಯಿಂದ ಬಹು ಸ್ವಾರಸ್ಯವಾದ ಪ್ರಕರಣವೊಂದನ್ನು ಹೇಳುತ್ತೇನೆ. 2008ರ ಸೆಪ್ಟೆಂಬರ್ ಹೊತ್ತಿಗೆ ಲಿನಕ್ಸ್‌ನ 2.6.27 ಆವೃತ್ತಿ ಸಿದ್ಧವಾಗುತ್ತಿದ್ದಾಗ ಇಂಟೆಲ್ ಕಂಪನಿಯ ಕೆಲವು ಜಾಲಸಾಧನಗಳು ಸತ್ತುಹೋಗುತ್ತಿವೆಯೆಂಬ ದೂರುಗಳು ಬಂದವು. ತಂತ್ರಾಂಶ ಕುಸಿದರೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬಹುದು. ಇಲ್ಲಿ ಸಾಧನದ ಸ್ಥಿರಸ್ಮೃತಿಯೇ ಅಳಿಸಿಹೋಗಿ ಅದು ನಿರುಪಯುಕ್ತವಾಗುತ್ತಿತ್ತು. ಇವುಗಳ ಡ್ರೈವರಿನ ಹೆಸರು ಇ-1000-ಇ. ಸಹಜವಾಗಿಯೇ ಬೆರಳುಗಳೆಲ್ಲ ಅದರತ್ತ ತಿರುಗಿದವು; ಪರೀಕ್ಷಾರ್ಥ ಆವೃತ್ತಿಗಳನ್ನು ಹಂಚುತ್ತಿದ್ದ ಸಂಸ್ಥೆಗಳು ಆ ಡ್ರೈವರನ್ನು ಸ್ಥಗಿತಗೊಳಿಸಿದವು.

ಡ್ರೈವರನ್ನು ಕೂಲಂಕಷವಾಗಿ ತಪಾಸಣೆ ಮಾಡಿದಾಗ ತಪ್ಪುಗಳೇನೋ ಸಿಕ್ಕಿದವು. ಸ್ಥಿರಸ್ಮೃತಿಯನ್ನು ಮುಟ್ಟುವ ಭಾಗಗಳಿಗೆ ಸಮರ್ಪಕವಾದ ಬೀಗವಿರಲಿಲ್ಲ. ಮೇಲಾಗಿ, ಇಂಟರಪ್ಟ್ ಸಂದರ್ಭದಲ್ಲಿ ನಡೆಯುವ ಭಾಗವೊಂದು ಆ ಸ್ಮೃತಿಯ ಸರದಿಗಾಗಿ ನಿದ್ರಿಸುತ್ತ ಕಾಯುವ ಸಾಧ್ಯತೆಯಿತ್ತು. ನಾನು ಹೇಳಿದ ಮೂರನೆಯ ನಿಯಮದ ನೇರ ಉಲ್ಲಂಘನೆ! ಇಷ್ಟು ಸಿಕ್ಕಿದ ಮೇಲೆ ಕಳ್ಳ ಸಿಕ್ಕಿದನೆಂದು ಯಾರಾದರೂ ಕಡತ ಮುಚ್ಚಬಹುದಾಗಿತ್ತು. ತಜ್ಞರು ತಪ್ಪುಗಳನ್ನು ತಿದ್ದಿದರು. ಸ್ಥಿರಸ್ಮೃತಿಗೆ ಯಾರೂ ಬರೆಯದಂತೆ ಯಂತ್ರಾಂಶದಲ್ಲೇ ತಡೆ ಹಾಕಿದರು. ಆದರೆ ಕಡತ ಮುಚ್ಚಲಿಲ್ಲ. ಏಕೆಂದರೆ ಸಿಕ್ಕಿದ ತಪ್ಪುಗಳು ಕಂಡ ಹಾನಿಯನ್ನು ಪೂರ್ತಿಯಾಗಿ ವಿವರಿಸುತ್ತಿರಲಿಲ್ಲ.

ನಿಜವಾದ ಅಪರಾಧಿ ಬೇರೊಂದು ಮೂಲೆಯಲ್ಲಿತ್ತು. ಕ್ರಮವಿಧಿಗಳ ನಡಿಗೆಯನ್ನು ಗಮನಿಸಿ ದೋಷ ಹುಡುಕಲೆಂದೇ ರಚಿತವಾದ ಎಫ್‌ಟ್ರೇಸ್ ಎಂಬ ಹೊಸ ಸಾಧನ ಆಗ ಲಿನಕ್ಸ್ ಸೇರಿತ್ತು. ಅದು ಓಡಿದ ಪ್ರತಿ ಕ್ರಮವಿಧಿಯ ವಿಳಾಸವನ್ನು ಪಟ್ಟಿಮಾಡಿಕೊಂಡು, ಆಮೇಲೆ ಆ ವಿಳಾಸಕ್ಕೆ ಹೋಗಿ ಒಂದು ಆದೇಶವನ್ನು ಬದಲಿಸುತ್ತಿತ್ತು. ಆದರೆ ಕೆಲವು ಕ್ರಮವಿಧಿಗಳು ಆರಂಭದಲ್ಲೊಮ್ಮೆ ಓಡಿ, ತಮ್ಮ ಸ್ಥಳವನ್ನು ತೆರವುಮಾಡುತ್ತವೆ. ತೆರವಾದ ವಿಳಾಸ ಇ-1000-ಇ ಡ್ರೈವರಿಗೆ, ಅದರ ಸ್ಥಿರಸ್ಮೃತಿಗೆ ಕಿಟಕಿಯಾಗಿ, ಮಂಜೂರಾಗುತ್ತಿತ್ತು. ಹಳೆಯ ವಿಳಾಸ ಹಿಡಿದು ಬಂದ ಎಫ್‌ಟ್ರೇಸ್, "ಇಲ್ಲಿರುವುದು ನಾನು ನಿರೀಕ್ಷಿಸಿದ ಆದೇಶವೇ ಆದರೆ ಮಾತ್ರ ಬದಲಿಸು" ಎಂಬ ಎಚ್ಚರಿಕೆಯ ವಿಧಾನವನ್ನೇ ಬಳಸುತ್ತಿತ್ತು. ಆದರೆ ಇಂಟೆಲ್ ಸಂಸ್ಕಾರಕಗಳಲ್ಲಿ ಆ ವಿಧಾನ, ಹೋಲಿಕೆ ತಪ್ಪಿದಾಗಲೂ ಇದ್ದುದನ್ನೇ ಮರಳಿ ಬರೆಯುತ್ತದೆ. ಸಾಧಾರಣ ಸ್ಮೃತಿಯಲ್ಲಿ ಇದು ನಿರಪಾಯ. ಸಾಧನದ ಕಿಟಕಿಯಲ್ಲಾದರೋ ಪ್ರತಿ ಬರಹವೂ ಒಂದು ಆಜ್ಞೆ. ಜಾಲಸಾಧನ ಸತ್ತುದು ಹೀಗೆ. 2008ರ ಅಕ್ಟೋಬರ್‌ನಲ್ಲಿ ಹೊರಬಂದ 2.6.27.1 ಆವೃತ್ತಿಯಲ್ಲಿ ಎಫ್‌ಟ್ರೇಸ್‌ನ ಈ ಅಂಗವನ್ನು ನಿಲ್ಲಿಸಿದರು; ಡಿಸೆಂಬರ್‌ನಲ್ಲಿ ಬಂದ 2.6.28ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬುದು ನಮ್ಮ ಗಾದೆ. ಇಲ್ಲಿ ಎಮ್ಮೆಗೂ ಬೇರೆ ಕಾಯಿಲೆ ಇದ್ದಿತೆಂಬುದೇ ವಿಶೇಷ. ಹೊಟ್ಟೆನೋವಿನ ರೋಗಿಯ ಸ್ಕ್ಯಾನಿನಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿತೆಂದ ಮಾತ್ರಕ್ಕೆ ನೋವು ಕಲ್ಲಿನಿಂದಲೇ ಬಂದಿತೆಂದು ತೀರ್ಮಾನಿಸಬಾರದೆಂದು ನಾವು ಕಿರಿಯ ವೈದ್ಯರಿಗೆ ಪಾಠ ಹೇಳುತ್ತೇವೆ. ಕಂಡ ದೋಷ ಬೇರೆ, ಕಾರಣ ಬೇರೆ. ದೋಷವನ್ನು ತಿದ್ದಬೇಕು, ಕಾರಣವನ್ನು ಹುಡುಕುತ್ತಲೇ ಇರಬೇಕು.

ಇತ್ತೀಚಿನ ದಶಕಗಳಲ್ಲಿ ಡೈಕ್‌ಸ್ಟ್ರಾರ ಮಾರ್ಗಕ್ಕೆ ಯಂತ್ರದ ನೆರವೂ ದೊರೆತಿದೆ. 2006ರಲ್ಲಿ ಲಿನಕ್ಸ್ ಸೇರಿದ ಲಾಕ್‌ಡೆಪ್ ಎಂಬ ಪರಿಶೀಲಕವು ಬೀಗಗಳ ಕ್ರಮವನ್ನು ಗಮನಿಸುತ್ತಿದ್ದು, ಅನಾಹುತ ಇನ್ನೂ ಸಂಭವಿಸದಿದ್ದರೂ ಸಂಭವಿಸಬಹುದೆಂದು ಎಚ್ಚರಿಸುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ರೂಪಿಸಿದ ಸ್ಲ್ಯಾಮ್ ವಿಧಾನವು ಡ್ರೈವರನ್ನು ಓಡಿಸದೆಯೇ, ಗಣಿತದ ಬಲದಿಂದ, ನಿಯಮಭಂಗವನ್ನು ಪತ್ತೆಮಾಡುತ್ತದೆ. ರಾಜಮಣಿಯವರು ಮುಂದೆ ಬೆಂಗಳೂರಿನಲ್ಲಿರುವ ಆ ಕಂಪನಿಯ ಸಂಶೋಧನ ಕೇಂದ್ರದಲ್ಲಿ ಕಾರ್ಯನಿರತರಾದರು.

ಬಂಧುಗಳೆ, ನಮ್ಮ ಮಕ್ಕಳಲ್ಲಿ ಅನೇಕರು ಇಂದು ಇಂತಹ ಕ್ರಮವಿಧಿಗಳನ್ನು ಬರೆಯುವ ಕೆಲಸದಲ್ಲಿದ್ದಾರೆ. ಅವರು ಬರೆದ ನಾಲ್ಕು ಸಾಲು ಯಾವ ಆಸ್ಪತ್ರೆಯ ಯಾವ ಯಂತ್ರದಲ್ಲಿ ಹೋಗಿ ಕೂರುವುದೋ ಹೇಳಲಾಗದು. ಟೈಲರ್‌ನ ರೋಗಿ ಮೈ ಸುಟ್ಟಿತೆಂದು ಕೂಗಿದಾಗ ಯಂತ್ರದ ಪರದೆ 6 ಎಂದು ತೋರಿಸುತ್ತಿತ್ತು. ಸುತ್ತಲಿನವರು ಪರದೆಯನ್ನು ನಂಬಿದರು. ಮತ್ತೆ ಮಾಡಿ ತೋರಿಸಲಾಗದ ದೂರು ಸುಳ್ಳು ದೂರಲ್ಲ. ರೋಗಿಯ ಮಾತೂ ಅಳತೆಯ ಯಂತ್ರವೂ ಒಂದಕ್ಕೊಂದು ವಿರುದ್ಧವಾಗಿ ನಿಂತಾಗ, ರೋಗಿಯ ಮಾತಿಗೆ ಕಿವಿಗೊಟ್ಟು ಯಂತ್ರವನ್ನು ಮತ್ತೊಮ್ಮೆ ಸಂಶಯದಿಂದ ನೋಡುವ ತಾಳ್ಮೆ ವೈದ್ಯನಿಗೂ ಬೇಕು, ಎಂಜಿನಿಯರನಿಗೂ ಬೇಕು. ಈ ಇತಿಹಾಸ ಕಲಿಸುವ ಪಾಠಗಳಲ್ಲಿ ಇದೇ ಮುಖ್ಯವಾದುದೆಂದು ನಾನು ತಿಳಿದಿದ್ದೇನೆ.